ಪ್ಲಾಸ್ಟಿಕ್ ಟೊಮೆಟೊ

ಮಾನಸಿಕ ರೋಗಿಗಳ ಪುನರ್ವಸತಿ ಕೇಂದ್ರದಲ್ಲಿ ಮನಶ್ಶಾಸ್ತ್ರಜ್ಞೆ ಮಾಲಿನಿ ಒಂದು ಅಣಕು ಅಂಗಡಿ ಇಟ್ಟಿದ್ದಳು. ಪ್ಲಾಸ್ಟಿಕ್ ಟೊಮೆಟೊ, ಪ್ಲಾಸ್ಟಿಕ್ ಬದನೆಕಾಯಿ. ಹನ್ನೊಂದು ವರ್ಷ ಮನೆಯಿಂದ ಹೊರಗೇ ಬಾರದಿದ್ದ ಫಕೀರಪ್ಪನಿಗೆ ಅಲ್ಲಿ ಕೊಳ್ಳುವುದನ್ನು ಹೇಳಿಕೊಡುತ್ತಿದ್ದಳು. ನಾಲ್ಕು ತಿಂಗಳಾದರೂ ಅವನು ಕೈಕಟ್ಟಿ ನಿಂತನೇ ಹೊರತು ಬಾಯಿ ಬಿಡಲಿಲ್ಲ.

ಒಂದು ದಿನ ಅಡುಗೆಯ ನೀಲವ್ವ ಚೀಲ ಹಿಡಿಯಲೆಂದು ಅವನನ್ನು ಸಂತೆಗೆ ಕರೆದೊಯ್ದಳು. ಅಲ್ಲಿ ಅವನು ಚೌಕಾಸಿಗೇ ಇಳಿದನಂತೆ. ದೊಡ್ಡ ಡಾಕ್ಟರು ಎಲ್ಲರೆದುರು ನೀಲವ್ವನನ್ನು ಹೊಗಳಿದರು.

ಮಾಲಿನಿಗೆ ಅಂದು ಊಟ ಸೇರಲಿಲ್ಲ. ಹೆಬ್ಬೆಟ್ಟು ಒತ್ತುವವಳು ಒಂದೇ ಸಂತೆಯಲ್ಲಿ ಮಾಡಿದ್ದನ್ನು ಪಿಎಚ್‌ಡಿ ಮಾಡಿದ ತನಗೆ ಮಾಡಲಾಗಲಿಲ್ಲವೇ? ಮರುದಿನ ಅಡುಗೆಮನೆಗೇ ಹೋದಳು.

“ಏನ್ ನೀಲವ್ವಾ, ನೀವ ಡಾಕ್ಟರ್ ಆಗಿಬಿಟ್ರಿ! ಅವಗ ಅದೇನ್ ಕಲಿಸಿದ್ರಿ?”

“ಅಯ್ಯ, ನಾ ಏನ್ ಕಲಿಸ್ಲಿರಿ? ಅಂವಾನ ನನಗ ಕಲಿಸ್ಯಾನ್ರಿ!” ನೀಲವ್ವ ನಕ್ಕಳು. “ಮೊದಲ ಅಂಗಡಿಯವರ ಮುಖ ನೋಡಬೇಕಂತ. ಆಮ್ಯಾಲೆ ರೇಟ್ ಕೇಳಬೇಕಂತ. ಹೆಚ್ಚಿಗಿ ಹೇಳಿದ್ರ ಎರಡ್ ಹೆಜ್ಜಿ ಹಿಂದ ಸರೀಬೇಕಂತ.”

ಒಂದೊಂದೂ ಮಾಲಿನಿ ಅಣಕು ಅಂಗಡಿಯಲ್ಲಿ ಹೇಳಿದ ಮಾತೇ.

ಮೂಲೆಯಲ್ಲಿ ಕುಳಿತು ಕೊತ್ತಂಬರಿ ಸೋಸುತ್ತಿದ್ದ ಫಕೀರಪ್ಪನ ಕಡೆ ಅವಳು ತಿರುಗಿದಳು.

“ಇಷ್ಟೆಲ್ಲ ಗೊತ್ತಿದ್ದೂ ನನ್ನ ಅಂಗಡ್ಯಾಗ ಯಾಕ ಒಂದ್ ಮಾತೂ ಆಡಲಿಲ್ಲ?”

ಅವನು ಎದ್ದು ನಿಂತು ಕೈಕಟ್ಟಿದ.

“ಪಾಠ ನಡದಾಗ ಮಾತಾಡಬಾರದಲ್ರಿ, ಮೇಡಂ.”