ಹೊಸ ಕೈಗೊಂದು ಹಳೆ ಕಾರು

ನಾಲ್ಕನೇ ಕಾರಿನ ಬಾಗಿಲನ್ನೂ ಮುದುಕ ಧಡಾರನೆ ಹಾಕಿದ.

"ಇದನ್ನೂ ಕಾರು ಅಂತಾರೇನಯ್ಯ? ತಗಡಿನ ಡಬ್ಬಕ್ಕೆ ನಾಲ್ಕು ಚಕ್ರ!"

ಹಳೆ ಕಾರುಗಳ ದಲ್ಲಾಳಿ ಹಲ್ಲು ಕಿರಿದ. ಒಳಗೊಳಗೇ ಕುದಿಯುತ್ತಿದ್ದ. ಗೇಟು ದಾಟುವಾಗಲೇ ಅವನಿಗೆ ಈ ಮುಖದ ಗುರುತು ಹತ್ತಿತ್ತು. ಮರೆಯುವುದುಂಟೇ! ಡ್ರೈವಿಂಗ್ ಪರೀಕ್ಷೆ ಮಾಡುತ್ತಿದ್ದ ಇನ್‌ಸ್ಪೆಕ್ಟರ್. ಇಪ್ಪತ್ತು ವರ್ಷದ ಹಿಂದೆ ದಲ್ಲಾಳಿಯನ್ನು ಮೂರು ಸಲ ಫೇಲು ಮಾಡಿದ್ದ. ಮೂರು ಸಲವೂ ಪಕ್ಕದ ಸೀಟಿನಿಂದ ಅದೇ ಮಾತು: "ಕನ್ನಡಿ ನೋಡಲಿಲ್ಲ. ಇಳಿ." ಆಮೇಲೆ ಪ್ಯಾಂಟಿಗೆ ಕ್ಲಿಪ್ಪು ಸಿಕ್ಕಿಸಿ, ಸೈಕಲ್ ಹತ್ತಿ ಊಟಕ್ಕೆ ಹೋಗಿಬಿಡುತ್ತಿದ್ದ. ಮೂರನೇ ಸಲ ಲೈಸೆನ್ಸಿನ ಜೊತೆಗೆ, ಶಾಲೆಯ ವ್ಯಾನ್ ಓಡಿಸುವ ಕೆಲಸವೂ ದಲ್ಲಾಳಿಯ ಕೈತಪ್ಪಿತ್ತು.

ಮಹಾನುಭಾವನಿಗೆ ಅದ್ಯಾವುದೂ ನೆನಪಿರಲಿಲ್ಲ. ಸಾವಿರಾರು ಜನರನ್ನು ಇಳಿಸಿದ ಬಾಯಿ ಅದು, ಯಾರ ಯಾರ ಮುಖ ಅಂತ ಇಟ್ಟುಕೊಂಡೀತು?

ಜೊತೆಗೆ ಮೊಮ್ಮಗಳು ಬಂದಿದ್ದಳು. ಇಪ್ಪತ್ತೆರಡು ಇರಬಹುದು. ಎತ್ತರದ ಹುಡುಗಿ, ಕೈಯಲ್ಲೊಂದು ಫೈಲು.

"ಹೊಸದಾಗಿ ಕಲಿಯೋರಿಗೆ ಬೇಕು ಅಂಕಲ್. ಹಳೇದಾದ್ರೂ ಪರವಾಗಿಲ್ಲ, ದಾರೀಲಿ ಕೈ ಕೊಡಬಾರದು. ವಾರಕ್ಕೆ ಮೂರು ದಿನ ಬೆಳಗ್ಗೆ ಅಜ್ಜೀನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ಬೇಕು. ಮುಂದಿನ ತಿಂಗಳಿಂದ ನಂಗೆ ಹಗಲು ಪಾಳಿ. ಅಷ್ಟರೊಳಗೆ ಕಲಿತು ಮುಗೀಬೇಕು."

ಕಲಿಯೋದೇನು ಬಂತು, ಲೈಸೆನ್ಸು ತಾತನ ಜೇಬಲ್ಲೇ ಇರುತ್ತೆ ಎಂದುಕೊಂಡ ದಲ್ಲಾಳಿ. ತನಗಾದರೆ ಮೂರು ಸಲ ಕುತ್ತಿಗೆ ಹಿಸುಕಿದವರು, ಮನೆಯ ಕೂಸಿಗೆ ಮನೆಬಾಗಿಲಿಗೇ ತರಿಸಿಕೊಡುತ್ತಾರೆ. ಥೂ!

ಮುದುಕ ಐದನೆಯದರ ಪಕ್ಕದ ಬಾಗಿಲು ತೆಗೆದ. ಡ್ರೈವರ್ ಸೀಟಿನ ಕಡೆಗೆ ಇದುವರೆಗೂ ಸುಳಿದಿರಲಿಲ್ಲ. ಹಳೇ ದರ್ಪ, ಕುಂಡೆಗೂ ಅಭ್ಯಾಸವಾಗಿತ್ತು. ಕೂತವನೇ ಮೂಗು ಮುರಿದ.

"ಎಂಜಿನ್ ಸರಿಯಿಲ್ಲ."

ಕೀಲಿ ಇನ್ನೂ ದಲ್ಲಾಳಿಯ ಜೇಬಿನಲ್ಲೇ ಇತ್ತು.

ಇಷ್ಟಾದ ಮೇಲೆ ದಲ್ಲಾಳಿ ತೀರ್ಮಾನ ಮಾಡಿದ. ಮುಯ್ಯಿ ತೀರಿಸಲೇಬೇಕು. "ನಿಮ್ಮಂಥ ತಿಳಿದೋರಿಗೆ ಅಂತಲೇ ಒಂದಿದೆ ಸಾರ್" ಎಂದು ಮೂಲೆಯಲ್ಲಿದ್ದ ನೀಲಿ ಕಾರು ತೋರಿಸಿದ. ಮೇಲೆ ಥಳಕು, ಒಳಗೆ ಹುಳುಕು. ಲಾರಿಗೆ ಗುದ್ದಿ ಮೂತಿ ಒಡೆದುಕೊಂಡು, ಬೆಸುಗೆ ಹಾಕಿಸಿಕೊಂಡು, ಬಣ್ಣ ಬಳಿಸಿಕೊಂಡು ನಿಂತ ಗಾಡಿ.

ಅದಕ್ಕೆ ಅಡ್ಡವಾಗಿ ಬೂದು ಬಣ್ಣದ್ದೊಂದು ನಿಂತಿತ್ತು. ಹದಿನಾಲ್ಕು ವರ್ಷದ್ದು, ಬಾಗಿಲ ತುಂಬ ಗೀರು.

"ನಾನೇ ತೆಗೀತೀನಿ, ಕೀ ಕೊಡಿ" ಎಂದಳು ಹುಡುಗಿ. ಕನ್ನಡಿಗಳನ್ನು ಒಂದೊಂದಾಗಿ ನೋಡಿ, ಎರಡು ಕಾರುಗಳ ನಡುವಿನಿಂದ ಒಂದೇ ಸಲಕ್ಕೆ ಹಿಂದಕ್ಕೆ ತೆಗೆದಳು. ಎಲ್ಲೋ ಮೈದಾನದಲ್ಲಿ ನಾಲ್ಕು ದಿನ ಆಡಿಸಿರಬೇಕು ಎಂದುಕೊಂಡ ದಲ್ಲಾಳಿ.

ಮುದುಕ ನೀಲಿ ಕಾರಿನ ಬಾನೆಟ್ ಎತ್ತಿಸಿದ. ಗೇಣುದ್ದದ ಬೆಸುಗೆಯ ಮೇಲೇ ಕೈಯಾಡಿಸಿದ. "ನೋಡು, ಇದಪ್ಪ ಕಾರು ಅಂದ್ರೆ! ಇದನ್ನ ಬಿಟ್ಟು ಇಷ್ಟು ಹೊತ್ತು ಕಸ ತೋರಿಸ್ತಿದ್ದೆಯಲ್ಲ."

ದಲ್ಲಾಳಿಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದ. ಊರಿನವರಿಗೆಲ್ಲ ನಂಬರು ಹಾಕಿದ ಪಂಡಿತನ ವಿದ್ಯೆ ಇಷ್ಟೇನಾ!

"ಸೀಟು ಇನ್ನೂ ಮುಂದಕ್ಕೆ ಬರುತ್ತಾ ಅಂಕಲ್?" ಹುಡುಗಿ ನೀಲಿ ಕಾರಿನೊಳಗೆ ಇಣುಕಿ ಕೇಳಿದಳು.

"ನಿಮಗ್ಯಾಕಮ್ಮಾ? ಅಷ್ಟುದ್ದ ಕಾಲಿದೆ."

"ಬರುತ್ತಾ ಹೇಳಿ."

ಬರುತ್ತೆ ಎಂದ. ಹೊಸಬರೆಲ್ಲ ಸ್ಟೇರಿಂಗಿಗೆ ಅಂಟಿಕೊಂಡೇ ಕೂರುವುದು. ಮುದುಕ ಆಗಲೇ ಮುಂಗಡ ತೆಗೆಯಲು ಜೇಬಿಗೆ ಕೈ ಹಾಕಿದ್ದ.

"ಹಿಂದಿನ ಸೀಟಲ್ಲಿ ಅಜ್ಜಿ ಮಲಗಬಹುದಾ?" ಹುಡುಗಿಯ ಪ್ರಶ್ನೆ ಮುಗಿದಿರಲಿಲ್ಲ. "ವಾಪಸ್ ಬರುವಾಗ ಅವರಿಗೆ ಕೂರೋ ಶಕ್ತಿ ಇರಲ್ಲ."

ದಲ್ಲಾಳಿ ನೀಲಿ ಕಾರಿನ ಹಿಂದಿನ ಸೀಟಿನತ್ತ ನೋಡಿದ. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುವ ಗಾಡಿ. ಸ್ಟೇರಿಂಗಿಗೆ ಹೊಸ ಕೈ. ಹಿಂದೆ ಮಲಗಿರುವ ಮುದುಕಿ ತನ್ನನ್ನು ಯಾವ ಪರೀಕ್ಷೆಯಲ್ಲೂ ಫೇಲು ಮಾಡಿದವಳಲ್ಲ. ಹಾಳಾದ್ದು, ಸೇಡಿಗೂ ಅದೃಷ್ಟ ಬೇಕು.

"ನೀಲಿ ಬೇಡಮ್ಮ" ಎಂದ. "ಅದು ಗುದ್ದಿದ ಗಾಡಿ. ಬ್ರೇಕ್ ನಂಬೋ ಹಾಗಿಲ್ಲ. ಈ ಬೂದು ತಗೊಳ್ಳಿ. ಒಬ್ಬರೇ ಓಡಿಸಿದ್ದು, ಸರ್ವಿಸ್ ಚೀಟಿಗಳೆಲ್ಲ ಇವೆ. ಬೆಲೆಯೂ ನೀಲಿಯ ಅರ್ಧ."

"ಮೊದಲೇ ಬೊಗಳೋಕೆ ಏನಾಗಿತ್ತು?" ಮುದುಕ ಸಿಡುಕಿದ. "ಈ ಗೀರು ಬಿದ್ದ ಗುಜರಿಯೇ ಗತಿಯಾ ನಮಗೆ?"

"ತಾತ, ಸಾಕು" ಎಂದಳು ಹುಡುಗಿ. ಮುದುಕ ಬಾಯಿ ಮುಚ್ಚಿದ. ದಲ್ಲಾಳಿಗೆ ಅದೇ ದೊಡ್ಡ ಆಶ್ಚರ್ಯವಾಯಿತು.

ಬೂದು ಕಾರನ್ನು ಅವಳು ಒಂದು ಸುತ್ತು ಓಡಿಸಿ ತಂದಳು, ಹತ್ತಾರು ಸಲ ಬ್ರೇಕ್ ಒತ್ತಿ ನೋಡಿದಳು, ಒಪ್ಪಿದಳು. ಕಾಗದಪತ್ರ ಮುಗಿಯಿತು. ಫೈಲಿನಿಂದ ಕೆಂಪು ಎಲ್ ಅಕ್ಷರದ ಎರಡು ಹಾಳೆ ತೆಗೆದು ಹಿಂದೆ ಮುಂದೆ ಅಂಟಿಸಿದಳು. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದಳು. ಮುದುಕ ಅಭ್ಯಾಸದಂತೆ ಪಕ್ಕದ ಬಾಗಿಲಿಗೆ ಕೈ ಹಾಕಿದ.

"ಅದು ನನ್ನ ಜಾಗ ತಾತ" ಎನ್ನುತ್ತ ಹುಡುಗಿ ಒಳಗೆ ಕೂತು ಬೆಲ್ಟು ಬಿಗಿದುಕೊಂಡಳು.

ಮುದುಕ ತಲೆ ತಗ್ಗಿಸಿ ಸುತ್ತಿ ಬಂದ. ಸ್ಟೇರಿಂಗ್ ಹಿಂದೆ ತೂರಿ ಕೂತ; ಅವನ ಗಿಡ್ಡ ಕಾಲಿಗೆ ಸೀಟು ಸರಿಯಾಗಿತ್ತು. ಕೀಲಿ ತಿರುಗಿಸಿ ಗೇರಿಗೆ ಕೈ ಹಾಕಿದ.

"ಏನೋ ಮರೆತ್ರಿ" ಎಂದಳು ಮೊಮ್ಮಗಳು.

ಮುದುಕ ಕಕ್ಕಾಬಿಕ್ಕಿಯಾಗಿ ಕಿಟಕಿಯಾಚೆ ನೋಡಿದ. ದಲ್ಲಾಳಿ ಬಗ್ಗಿ, ಇಪ್ಪತ್ತು ವರ್ಷದಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಮೆಲ್ಲಗೆ ಹೇಳಿದ.

"ಕನ್ನಡಿ, ಸಾರ್."