ಉರಿಯುವ ಮದ್ದು

“ಇದೇನೇ, ಇವತ್ತು ಉರೀಲೇ ಇಲ್ವಲ್ಲ!” ಕೋ ಥೈಕ್ ಗೊಣಗಿದ. ಅವನ ಕೆನ್ನೆಯೊಳಗಿನ ಹುಣ್ಣಿಗೆ ಜೆಲ್ ಹಚ್ಚುತ್ತಿದ್ದ ಹೆಂಡತಿ ನ್ವೇ ಯಿಯ ಬೆರಳು ಅಲ್ಲೇ ನಿಂತಿತು.

“ಉರೀದಿದ್ರೆ ಒಳ್ಳೇದಲ್ವಾ?”

“ಒಳ್ಳೇದಂತೆ! ಉರಿದ್ರೆ ತಾನೇ ಮದ್ದು ನಾಟೋದು? ದಿನಾ ಕಣ್ಣಲ್ಲಿ ನೀರು ಬರ್ತಿತ್ತು ಕಣೇ.”

ಟ್ಯೂಬು ನಿನ್ನೆಯದೇ. ಹುಣ್ಣಿಮೆಯೆಂದು ಗಂಡ ಹೆಂಡತಿ ಮಾಂಡಲೆಯ ತಮ್ಮ ಎಲೆ-ಅಡಿಕೆ ಅಂಗಡಿಯನ್ನು ಇವತ್ತು ತೆರೆದಿರಲಿಲ್ಲ, ಅಷ್ಟೇ ವ್ಯತ್ಯಾಸ. ಉಳಿದ ದಿನ ಅವನು ಔಷಧಿಯಿಂದ ಬಾಯಿ ಮುಕ್ಕಳಿಸಿ, ಅಂಗಡಿಯಲ್ಲೇ ಅವಳ ಮುಂದೆ ಬಂದು ಬಾಯಿ ತೆರೆಯುತ್ತಿದ್ದ. ಗಿರಾಕಿಗಳ ಗಲಾಟೆಯಲ್ಲಿ ಅವಳು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ ಬೆರಳನ್ನು ತಾನುಟ್ಟ ಲುಂಗಿಗೆ ಒರೆಸಿಕೊಂಡು, ಅದೇ ಬೆರಳಿಂದ ಜೆಲ್ ಹಚ್ಚುತ್ತಿದ್ದಳು. ಅವನು ಅಡಿಕೆ ಬಿಟ್ಟು ತಿಂಗಳಾದರೂ ಹುಣ್ಣು ಅಗಲವಾಗುತ್ತಲೇ ಇತ್ತು.

ಪಗೋಡಕ್ಕೆ ಹೋಗಲೆಂದು ಬೆಳಿಗ್ಗೆ ಉಜ್ಜಿ ತೊಳೆದಿದ್ದ ಬೆರಳನ್ನು ನ್ವೇ ಯಿ ನೋಡಿಕೊಂಡಳು. ವರ್ಷಗಟ್ಟಲೆ ಸುಣ್ಣ ತಿಂದ ಅದರ ತುದಿ ಬಿರುಕು ಬಿಟ್ಟಿತ್ತು. ಮೆಲ್ಲನೆ ಅದನ್ನು ಲುಂಗಿಯ ನೆರಿಗೆಯಲ್ಲಿ ಅಡಗಿಸಿದಳು.

“ಹೋಗ್ಲಿ ಬಿಡು, ನಾಳೆ ಅಂಗಡೀಲೇ ಹಚ್ಚು,” ಎಂದ ಕೋ ಥೈಕ್. “ಅಲ್ಲಾದ್ರೆ ನಿನ್ನ ಕೈಗುಣ ಚೆನ್ನಾಗಿರುತ್ತೆ.”