ಕುವಾಂಗ್ ಗುರುವಿನ ಅರವತ್ತಮೂರು ಗೆಲುವು

"ಸುಳ್ಳು! ಅರವತ್ತಮೂರಕ್ಕೆ ಅರವತ್ತಮೂರೂ ಸುಳ್ಳು!"

ಗೆಂಗ್ ವೆಯ್ ಕಡತವನ್ನು ಮೇಜಿನ ಮೇಲೆ ಕುಕ್ಕಿದ. ಗರಡಿಯ ಬಾಗಿಲಲ್ಲಿ ಗುಂಪುಗೂಡಿದ್ದ ಊರವರು ಗೊಣಗಿಕೊಂಡರು. ಸತ್ತು ಮೂವತ್ತು ವರ್ಷವಾದ ಕುವಾಂಗ್ ಗುರುವಿನ ಪಟದ ಕೆಳಗೆ, ಅವರದೇ ಕುರ್ಚಿಯಲ್ಲಿ ಕುಳಿತಿದ್ದ ಅವರ ಮಗಳು ಸುಲಾನ್ ಅಜ್ಜಿಗೆ ಮಾತ್ರ ಅದರ ಬಿಸಿ ತಟ್ಟಲಿಲ್ಲ. ಬಾಯಲ್ಲಿದ್ದ ಎಲಚಿ ಬೀಜವನ್ನು ಅಂಗೈಗೆ ಉಗಿದುಕೊಂಡು, "ಇರಬಹುದು ಸಾಹೇಬ್ರೇ. ನೀವು ಓದಿದೋರು" ಎಂದಳು.

ಅದು 1985. ಚೀನಾದ ತ್ಸಾಂಗ್‌ಜೌ ಸೀಮೆಯ ಹಳೆಯ ಗರಡಿ ಗುರುಗಳ ಬದುಕಿನಲ್ಲಿ ನಿಜವೆಷ್ಟು, ಕಟ್ಟುಕಥೆಯೆಷ್ಟು ಎಂದು ಜರಡಿ ಹಿಡಿಯಲು ಸರ್ಕಾರ ಗೆಂಗ್‌ನನ್ನು ಕಳಿಸಿತ್ತು. ಈ ಗರಡಿಯ ಹೊರಗಿನ ಹಲಗೆಯಲ್ಲಿ 'ಅರವತ್ತಮೂರು ಸವಾಲು, ಒಂದೂ ಸೋಲಿಲ್ಲ' ಎಂದಿತ್ತು. ಅದು ಸುಳ್ಳೆಂದು ಅವನು ಬರೆದರೆ ಹಲಗೆ ಇಳಿಯುತ್ತದೆ, ಗರಡಿ ಗೊಬ್ಬರದ ಗೋದಾಮಾಗುತ್ತದೆ. ಅಜ್ಜಿ ಹುಟ್ಟಿದ್ದು ಅಲ್ಲೇ, ಎಪ್ಪತ್ತರ ವಯಸ್ಸಿನಲ್ಲಿ ನಲವತ್ತು ಮಕ್ಕಳಿಗೆ ವರಸೆ ಕಲಿಸುತ್ತಿದ್ದುದೂ ಅಲ್ಲೇ. ಬೇರೆ ಮನೆ ಅವಳಿಗಿರಲಿಲ್ಲ.

ಗೆಂಗ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎರಡು ಕೋಳಿ ಕೊಟ್ಟು ಸಾಗಹಾಕಬಹುದಿತ್ತು. ಇವನು ಪ್ರಾಮಾಣಿಕ. ಮೂರು ತಿಂಗಳು ಸೈಕಲ್ ತುಳಿದು, ಹಳ್ಳಿ ಹಳ್ಳಿ ಸುತ್ತಿ ಬಂದಿದ್ದ.

"ಗುರುಗಳು ಒಂದೇ ನೆಗೆತಕ್ಕೆ ಊರ ಕೋಟೆ ಗೋಡೆ ಹಾರಿದ್ರಂತೆ. ಆ ಗೋಡೆ ಅವರು ಹುಟ್ಟೋಕೆ ಮುಂಚೇನೇ ಬಿದ್ದುಹೋಗಿತ್ತು!"

"ಹಾಗಾದ್ರೆ ಹಾರೋದು ಸುಲಭ ಆಯ್ತು ಬಿಡಿ."

"ಒಂದೇ ಗುದ್ದಿಗೆ ಗೂಳಿ ಕೊಂದ್ರಂತೆ."

"ಗೂಳಿ ಎಲ್ಲಿ ಬಂತು? ಮುದಿ ಎತ್ತು ಅದು. ಅದರ ಪಾಡಿಗೆ ಅದು ಸತ್ತಿತು. ಅಪ್ಪ ಪಕ್ಕದಲ್ಲಿ ನಿಂತಿದ್ರು, ಅಷ್ಟೆ."

ಬಾಗಿಲಲ್ಲಿ ನಗು ಎದ್ದಿತು. ಗೆಂಗ್ ಎರಡಕ್ಕೂ ಕೆಂಪು ಗೆರೆ ಎಳೆದ. ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವರನ್ನು ಅವನು ಎಲ್ಲೂ ಕಂಡಿರಲಿಲ್ಲ. ಪಾಪ, ವಯಸ್ಸಾದವಳು ಅನ್ನಿಸಿತು. ಅವಳ ಟೀ ಬಟ್ಟಲು ಕುರ್ಚಿಯ ಕಾಲ ಬಳಿ ನೆಲದ ಮೇಲೆಯೇ ಇತ್ತು. ಅವನು ಬಂದಾಗಿನಿಂದ ಅವಳು ಅದನ್ನು ಮುಟ್ಟಿರಲಿಲ್ಲ.

"ಟೀ ಆರ್ತಿದೆ ಅಜ್ಜಿ."

"ಆರಲಿ ಬಿಡಿ. ನನಗೆ ಸೊಂಟ ಬಗ್ಗಲ್ಲ. ನೀವು ಮುಂದಿಂದು ಕೇಳಿ."

"ಸವಾಲು ಹಾಕಿದೋರಲ್ಲಿ ಐದು ಜನ ಇನ್ನೂ ಬದುಕಿದಾರೆ. ಐದೂ ಜನರನ್ನ ಕಂಡೆ. 'ಗುರುಗಳ ವಿಷಯ ಬಾಯಿ ಬಿಡಲ್ಲ' ಅಂತಾರೆ. ಯಾಕಂದ್ರೆ ಅಷ್ಟೂ ಜನ ಆಮೇಲೆ ಇಲ್ಲೇ ಶಿಷ್ಯರಾದೋರು!"

"ಒದೆ ಬಿದ್ದ ಮೇಲೆ ಬುದ್ಧಿ ಬಂತು!" ಎಂದು ಬಾಗಿಲಲ್ಲಿದ್ದ ಬಡಗಿ ಕೂಗಿದ.

"ಒದೆ ಎಲ್ರಿ ಬಿತ್ತು? ಯಾರ ಮೈಮೇಲೂ ಒಂದು ತರಚು ಗಾಯ ಇಲ್ಲ. ಅವರ ಮಾತು ನಡೆಯಲ್ಲ. ಶಿಷ್ಯರ ಹೇಳಿಕೆ, ಹೊಗಳಿಕೆ ಆಗ್ಲಿ ತೆಗಳಿಕೆ ಆಗ್ಲಿ, ಸಾಕ್ಷಿ ಅಲ್ಲ. ಮೊದಲನೇ ನಿಯಮ ಅದು, ನಾನೇ ಬರೆದಿದ್ದು."

ಯಾಕೆಂದು ಆ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಜನರೆದುರು ಮಂಡಿಯೂರಿ ಟೀ ಕೊಟ್ಟ ಮೇಲೆ, ಗುರು ಅದನ್ನು ಕುಡಿದ ಮೇಲೆ ಮುಗಿಯಿತು, ಕೊಟ್ಟವನು ಶಿಷ್ಯನಾದಂತೆಯೇ. ಆಮೇಲೆ ಗುರುಮನೆಯ ಮೇಲೆ ಕೈ ಎತ್ತಿದವನನ್ನು, ನಾಲಿಗೆ ಹರಿಯಬಿಟ್ಟವನನ್ನು ಹೆತ್ತ ತಾಯಿಯೂ ಹೊಸ್ತಿಲು ದಾಟಲು ಬಿಡಳು. ಗೆಂಗ್‌ನೂ ಅದೇ ಮಣ್ಣಿನವನು. ಅವನ ಅಜ್ಜನೂ ಗರಡಿಯಾಳೇ.

ಅವನು ದನಿ ತಗ್ಗಿಸಿದ. "ನಿಜ ಹೇಳಿ ಅಜ್ಜಿ. ಆ ಅರವತ್ತಮೂರು ಜನರಲ್ಲಿ ನಿಮ್ಮಪ್ಪ ಎಷ್ಟು ಜನರ ಜೊತೆ ಕಾದಾಡಿದ್ರು?"

ಅಜ್ಜಿ ಪಟದ ಕಡೆ ಒಮ್ಮೆ ತಿರುಗಿ ನೋಡಿದಳು.

"ಒಬ್ಬರ ಜೊತೇನೂ ಇಲ್ಲ."

ಗೆಂಗ್‌ಗೆ ಗೆದ್ದ ಖುಷಿಯಾಗಬೇಕಿತ್ತು. ಆಗಲಿಲ್ಲ. "ಮತ್ತೆ ಗೆದ್ದಿದ್ದು?"

"ಗೆದ್ದಿದ್ದಂತೂ ನಿಜ."

"ಅದು ಹೇಗೆ ಅಜ್ಜಿ?"

"ಹೇಳ್ತೀನಿ. ಮೊದಲು ಆ ಇಟ್ಟಿಗೆ ಅಳೆದು ಮುಗಿಸಿ. ಅರ್ಧಂಬರ್ಧ ಬರ್ಕೊಂಡು ಹೋದ್ರೆ ನಿಮ್ಮ ಮೇಲಿನೋರು ಸುಮ್ನಿರ್ತಾರಾ?"

ಉಳಿದಿದ್ದ ಕಥೆ ಅದೊಂದೇ. ಗುರುಗಳು ಸಿಟ್ಟಿನಲ್ಲಿ ನೆಲ ಒದ್ದಾಗ ಅವರ ಎರಡೂ ಪಾದ ಕುರ್ಚಿಯ ಮುಂದಿನ ಇಟ್ಟಿಗೆ ನೆಲದಲ್ಲಿ ಅಚ್ಚೊತ್ತಿದವಂತೆ. ಗೆಂಗ್ ಟೇಪು ಬಿಚ್ಚಿ ಕುಕ್ಕರಗಾಲಲ್ಲಿ ಕುಳಿತ.

"ಇದೂ ಸುಳ್ಳೇ. ಬೆರಳಿಲ್ಲ, ಹಿಮ್ಮಡಿ ಇಲ್ಲ. ಎರಡು ದುಂಡನೆ ಕುಳಿ. ಏನೋ ಊರಿ ಊರಿ ಸವೆದಿದೆ."

"ಕುರ್ಚಿ ಕೆಳಗಿನ ಇಟ್ಟಿಗೆ ಅಂಚೂ ನೋಡ್ಬಿಡಿ."

ಅವನು ಮುಂದಕ್ಕೆ ಜರುಗಿ, ಮಂಡಿಯೂರಿ, ಕುರ್ಚಿಯಡಿ ಕೈ ಚಾಚಿದ.

"ಹೇಗೂ ಬಗ್ಗಿದೀರಿ, ಆ ಬಟ್ಟಲು ಇತ್ತ ಕೊಡಿ ಸಾಹೇಬ್ರೇ. ಗಂಟಲು ಒಣಗ್ತಿದೆ."

ಹಿರಿಯರಿಗೆ ಒಂದೇ ಕೈಯಲ್ಲಿ ಕೊಡುವಷ್ಟು ಮರ್ಯಾದೆಗೆಟ್ಟ ಮನೆಯಲ್ಲಿ ಗೆಂಗ್ ಹುಟ್ಟಿರಲಿಲ್ಲ. ಟೇಪು ಕೆಳಗಿಟ್ಟು, ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ತಲೆ ತಗ್ಗಿಸಿ ನೀಡಿದ. ಬಾಗಿಲಲ್ಲಿದ್ದವರು ಕತ್ತು ಚಾಚಿದರು.

ಅಜ್ಜಿ ತಣ್ಣಗಿನ ಟೀಯನ್ನು ಒಂದೇ ಉಸಿರಿಗೆ, ತಳ ಕಾಣುವವರೆಗೆ ಕುಡಿದಳು.

"ಏಳೋ ಮಗಾ," ಎಂದಳು. "ಅರವತ್ನಾಲ್ಕು."

ಬಾಗಿಲಲ್ಲಿ ಹೋ ಎಂಬ ಕೂಗೆದ್ದಿತು. ಗೆಂಗ್ ಕೆಳಗೆ ನೋಡಿದ. ಅವನ ಮಂಡಿಗಳೆರಡೂ ಆ ಎರಡು ಕುಳಿಗಳಲ್ಲಿ ಸರಿಯಾಗಿ ಕೂತಿದ್ದವು.

"ಅಜ್ಜಿ, ಇದು ಮೋ—"

"ಅಜ್ಜಿ ಅಲ್ಲಯ್ಯಾ, ಗುರುಗಳೇ ಅನ್ನು!" ಬಡಗಿ ಕೂಗಿದ. "ಅದೇನು ಬರ್ಕೊಂಡ್ರೂ ಇನ್ನು ನಿನ್ನ ಮಾತು ಸಾಕ್ಷಿ ಅಲ್ಲ. ನೀನೇ ಮಾಡಿದ ನಿಯಮ!"

ಅಜ್ಜಿ ಖಾಲಿ ಬಟ್ಟಲನ್ನು, ಸಲೀಸಾಗಿ ಬಗ್ಗಿ, ಕುರ್ಚಿಯ ಕಾಲ ಬಳಿ ಮತ್ತೆ ನೆಲದ ಮೇಲಿಟ್ಟಳು.

"ಹೇಗೆ ಗೆದ್ರು ಅಂತ ಕೇಳಿದ್ಯಲ್ಲ. ನಮ್ಮಪ್ಪನಿಗೂ ಸೊಂಟ ಬಗ್ತಿರ್ಲಿಲ್ಲ ಕಣೋ."